ಓರೆಸ್ಟ್ ಮಾಡಿದ ಅದಲುಬದಲು

ಓರೆಸ್ಟ್ ಹಲುಷ್ಕಾ ಕಲ್ಲೆದೆಯ ಮನುಷ್ಯ. ಸಸ್ಕ್ಯಾಚೆವಾನ್ ಪ್ರಾಂತ್ಯದ ನಮ್ಮೂರ ಐಸ್ ಹಾಕಿ ತಂಡದ ಮ್ಯಾನೇಜರನಾಗಿ, ಇಪ್ಪತ್ತು ವರ್ಷಗಳಿಂದ ಹುಡುಗರನ್ನು ಬೇರೆ ತಂಡಗಳೊಂದಿಗೆ ಸಂತೆಯ ಕರುಗಳಂತೆ ಅದಲುಬದಲು ಮಾಡುತ್ತ ಬಂದಿದ್ದ.

ಬೇರೆ ಊರುಗಳಿಂದ ಬಂದ ಆಟಗಾರರನ್ನು ಇಲ್ಲಿನ ಮನೆಗಳೇ ಇಟ್ಟುಕೊಂಡು ಸಾಕುತ್ತವೆ. ಲೋರ್ನಾಳ ಮನೆಯಲ್ಲಿದ್ದವನು ಹದಿನೇಳರ ಕೋಲ್ಬಿ. ಮಿಂಚಿನ ಕಾಲಿನ ಹುಡುಗ. ತಾಯಿಯ ನೆನಪಾಗಿ ಮೊದಲ ತಿಂಗಳು ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ಅಂಥವನನ್ನು ಬೇರೆ ಊರಿನ ತಂಡಕ್ಕೆ ಕೊಟ್ಟು, ಇನ್ನೂ ಪಳಗದ ದೈತ್ಯ ಫಾರ್ವರ್ಡ್ ಆಟಗಾರನೊಬ್ಬನನ್ನು ತರುತ್ತೇನೆಂದು ಓರೆಸ್ಟ್ ಅವಳ ಅಡುಗೆಮನೆಗೇ ಬಂದು ಹೇಳಿದ.

"ಆ ಗೂಳಿಗೆ ಐಸ್ ಮೇಲೆ ತಿರುಗೋಕೇ ಬರಲ್ವಂತೆ," ಎಂದಳು ಲೋರ್ನಾ ಹಿಟ್ಟು ನಾದುತ್ತ.

"ಅವನ್ಯಾಕೆ ತಿರುಗಬೇಕು? ಅಡ್ಡ ಬಂದೋರು ತಿರುಗ್ತಾರೆ. ನೀನು ಮಂಚ ಗಟ್ಟಿ ಮಾಡಿಸು, ಸಾಕು."

"ಅಲ್ಲಿ ಹೋಗಿ ಕೋಲ್ಬಿ ಮತ್ತೆ ಊಟ ಬಿಟ್ರೆ?"

ಓರೆಸ್ಟ್ ಅಲ್ಲೇ ನಿಂತು ಆ ತಂಡದ ಮ್ಯಾನೇಜರನಿಗೆ ಫೋನ್ ಮಾಡಿದ.

"ನೋಡಪ್ಪಾ, ಹುಡುಗ ಇಲ್ಲಿ ಉಳಿದದ್ದೇ ಲೋರ್ನಾ ಮನೆ ನಾಯಿಯಿಂದ. ಅಲ್ಲೂ ನಾಯಿ ಇರೋ ಮನೆ ಸಿಗದಿದ್ರೆ ನಿನ್ನ ದೈತ್ಯನ್ನ ನೀನೇ ಇಟ್ಕೋ."

ಆಚೆಯವನು ಅಂಥ ಮನೆಯೊಂದನ್ನು ಹೇಳಿದ. ಓರೆಸ್ಟ್ ನಾಯಿಯ ಹೆಸರನ್ನೂ ಕೇಳಿ, ಕೋಲ್ಬಿಗೆ ಹೇಳಲೆಂದು ಅಂಗೈ ಮೇಲೆ ಬರೆದುಕೊಂಡ.