ಪಕ್ಕದ ಮನೆಯಲ್ಲಿ ವಿಚಾರಣೆ

ಬ್ಯಾಂಕುಗಳು ಒಂದರ ಹಿಂದೊಂದು ಮುಗ್ಗರಿಸುತ್ತಿದ್ದ ಆ ಚಳಿಗಾಲದಲ್ಲಿ ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿದ್ದ ನನ್ನ ಕೆಲಸವೂ ಹೋಯಿತು. ಉಳಿದದ್ದು ತಿಂಗಳಿಗೊಂದು ವಾರಾಂತ್ಯ ಸೇನೆಯ ರಿಸರ್ವ್ ಡ್ಯೂಟಿ. ಕಾಲೇಜಿನ ಫೀಸು ಸೇನೆಯವರು ಕಟ್ಟುತ್ತಾರೆಂದು ಸೇರಿದವಳು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ಕುಂದಾಪುರದಿಂದ ಬಂದ ಅಪ್ಪ ರಾಬಿನ್ಸ್‌ವಿಲ್ಲಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು.

ನಮ್ಮ ತುಕಡಿಯ ಕೆಲಸ ಸೇನೆಯ ಕಂಪ್ಯೂಟರ್ ಜಾಲವನ್ನು ಕಾಯುವುದು. ಮುಟ್ಟುವುದು ಕೀಬೋರ್ಡ್, ಆದರೂ ಬೆಳಗ್ಗೆ ಸಾಲಾಗಿ ನಿಲ್ಲಬೇಕು, ಬೂಟು ಸರಿಯಿರಬೇಕು. ಆಮೇಲೆ ಎಲ್ಲರೂ ಫೋನುಗಳನ್ನು ಹೊರಗಿನ ಪೆಟ್ಟಿಗೆಯಲ್ಲಿಟ್ಟು ಕಿಟಕಿಯಿಲ್ಲದ ಕೋಣೆಯೊಳಗೆ ಹೋಗುತ್ತಿದ್ದರು. ಅದರೊಳಗೆ ಹೋಗಲು ಬೇಕಾದ ಸರಕಾರಿ ಅನುಮತಿ, ಸೆಕ್ಯುರಿಟಿ ಕ್ಲಿಯರೆನ್ಸ್, ನನಗೆ ಇನ್ನೂ ಬಂದಿರಲಿಲ್ಲ. ಹೊರಗೆ ಕೂತು ತರಬೇತಿಯ ಲ್ಯಾಪ್‌ಟಾಪ್‌ಗಳಿಗೆ ಕೇಬಲ್ ಹಾಕುತ್ತಿದ್ದೆ. ಒಳಗಿನ ಕಾವಲಿಗೆ ಒಬ್ಬರನ್ನು ಪೂರ್ಣಾವಧಿಗೆ ತೆಗೆದುಕೊಳ್ಳುತ್ತಾರೆ, ವಸಂತದೊಳಗೆ ಕ್ಲಿಯರೆನ್ಸ್ ಬಂದರೆ ಆ ಜಾಗ ನಿನಗೆ ಎಂದು ಸಾರ್ಜೆಂಟ್ ಹೇಳಿದ್ದಳು. ಕೈಯಲ್ಲಿ ಬೇರೆ ಕೆಲಸವಿರಲಿಲ್ಲ.

ಕ್ಲಿಯರೆನ್ಸ್ ಕೊಡುವ ಮುಂಚೆ ಸರಕಾರದ ಅಧಿಕಾರಿ ನೆರೆಹೊರೆಯವರನ್ನು ವಿಚಾರಿಸುತ್ತಾನೆ. ಹಗಲಲ್ಲಿ ಮನೆಯಲ್ಲಿರುತ್ತಿದ್ದವರು ಪಕ್ಕದ ಮನೆಯ ಮೈಸೂರಿನ ಆಂಟಿ ಒಬ್ಬರೇ. ಅವರು ಸಂಜೆ ಪಾರ್ಕಿಂಗ್‌ನಲ್ಲೇ ನನ್ನನ್ನು ಹಿಡಿದರು.

"ನಿನ್ನ ಬಗ್ಗೆ ವಿಚಾರಿಸ್ಕೊಂಡು ಒಬ್ಬ ಬಂದಿದ್ದ ಕಣೇ. ಸೂಟು, ಕಾರ್ಡು, ಎಲ್ಲಾ ಇತ್ತು. ಹುಡುಗನ ಕಡೆಯೋರು ಈಗ ಡಿಟೆಕ್ಟಿವ್ ಬಿಡ್ತಾರಲ್ಲ, ನನ್ನ ತಂಗಿ ಮಗಳಿಗೂ ಹೀಗೇ ಮಾಡಿದ್ರು."

"ಆಂಟಿ, ಅವನು ಗವರ್ನಮೆಂಟಿನವನು."

"ಹಾಗೇ ಅಂದ. ಅನ್ನದೆ ಇನ್ನೇನ್ ಮಾಡ್ತಾನೆ? ಕುಡೀತಾಳಾ, ಯಾರ ಜೊತೆ ಓಡಾಡ್ತಾಳೆ ಅಂತೆಲ್ಲ ಕೇಳ್ದ. ಇದೆಲ್ಲ ಆರ್ಮಿಗ್ಯಾಕೆ? ನಾನೂ ಬಿಡ್ಲಿಲ್ಲ. ಹುಡುಗನಿಗೆ ಗ್ರೀನ್ ಕಾರ್ಡ್ ಆಗಿದ್ಯಾ ಅಂದೆ. ಐ ಕಾಂಟ್ ಡಿಸ್ಕಸ್ ಅಂದ. ಏನೋ ಐಬಿರ್ಬೇಕು ಆ ಹುಡುಗನಿಗೆ."

"ನೀವೇನು ಹೇಳಿದ್ರಿ?"

"ಚಿನ್ನದಂಥ ಹುಡುಗಿ ಅಂದೆ. ಬ್ಯಾಂಕಲ್ಲಿ ದೊಡ್ಡ ಕೆಲಸ, ದಿನಾ ಸಿಟಿಗೆ ಕಮ್ಯೂಟ್ ಮಾಡ್ತಾಳೆ ಅಂದೆ."

"ಕೆಲಸ ಹೋಗಿದ್ದು ನಿಮಗೆ ಗೊತ್ತಿತ್ತಲ್ಲ!"

"ಗೊತ್ತಿತ್ತು. ಹಾಗಂತ ಬಂದೋರ ಮುಂದೆ ಹೇಳ್ತಾರಾ?"

ಮೊದಲು ನನ್ನನ್ನು ವಿಚಾರಿಸಿದಾಗ, ಕೆಲಸ ಹೋಗಿದೆ ಎಂದು ಅದೇ ಅಧಿಕಾರಿಗೆ ನಾನೇ ಹೇಳಿದ್ದೆ. ಈಗ ಎರಡು ಹೇಳಿಕೆಗಳು ಹೊಂದುವುದಿಲ್ಲ. ಅವನ ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬಳು ಸುಳ್ಳು ಹೇಳಿದ್ದಾಳೆ, ಅದು ನಾನೂ ಆಗಿರಬಹುದು. ಹಾಗಿರುವ ಫೈಲು ಮುಂದಕ್ಕೆ ಹೋಗುವುದಿಲ್ಲ.

ಅವನಿಗೆ ಫೋನ್ ಮಾಡಿದೆ. ಬ್ರಿಡ್ಜ್‌ವಾಟರಿನ ಕಾಫಿ ಅಂಗಡಿಗೆ ಬಂದ. ಅಪರಿಚಿತನೊಬ್ಬ ಮದುವೆಯಾಗದ ಹುಡುಗಿಯ ನಡತೆ ವಿಚಾರಿಸಿದರೆ ನಮ್ಮವರು ಅದಕ್ಕೆ ಒಂದೇ ಅರ್ಥ ಕಲ್ಪಿಸುತ್ತಾರೆ, ಆಗ ಕುಂದು ಮುಚ್ಚುವುದು ನೆರೆಯವರ ಕರ್ತವ್ಯ ಎಂದು ವಿವರಿಸಿದೆ. ಅವನು ನಗಲಿಲ್ಲ. ಮತ್ತೆ ಹೋಗಿ ಕೇಳುತ್ತೇನೆ, ಅಲ್ಲಿಯವರೆಗೆ ಆಕೆಯ ಹತ್ತಿರ ಈ ವಿಷಯ ಎತ್ತಬೇಡ ಎಂದ.

ಎತ್ತಲಿಲ್ಲ. ಆಂಟಿಯ ಕಣ್ಣಿಗೆ ಬೀಳದಂತೆ ಹಿಂದಿನ ಮೆಟ್ಟಿಲಲ್ಲಿ ಓಡಾಡಿದೆ. ಒಂದು ಮಧ್ಯಾಹ್ನ ಅವನ ಕಾರು ಕೆಳಗೆ ನಿಂತಿತ್ತು. ಗೋಡೆಯಾಚೆ ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಅವನು ಹೋದ ಮೇಲೆ ಆಂಟಿ ನಮ್ಮ ಬಾಗಿಲು ಬಡಿದರು.

"ಮದುವೆ ವಿಷಯ ಅಲ್ವೇ ಅಲ್ಲ ಅಂತ ಎರಡೆರಡು ಸಲ ಕೇಳ್ಕೊಂಡೆ. ಆಮೇಲೆ ಕೆಲಸ ಹೋಗಿದೆ ಅಂತ ಹೇಳ್ಬಿಟ್ಟೆ. ನನ್ನನ್ನ ಬಯ್ಬೇಡ."

"ಬಯ್ಯಲ್ಲ ಆಂಟಿ. ಥ್ಯಾಂಕ್ಸ್."

"ಥ್ಯಾಂಕ್ಸಾ?" ಎಂದು ನನ್ನನ್ನು ವಿಚಿತ್ರವಾಗಿ ನೋಡಿದರು.

ಹಿಮ ಕರಗುವ ಹೊತ್ತಿಗೆ ಕ್ಲಿಯರೆನ್ಸ್ ಬಂತು. ಜಾಗ ಇನ್ನೂ ಖಾಲಿಯಿತ್ತು. ಆ ಕೋಣೆಯಲ್ಲಿ ಮೇಜುಗಳು, ಪರದೆಗಳು, ಎಸಿಯ ಸದ್ದು, ಇಷ್ಟನ್ನು ಮಾತ್ರ ಹೇಳಬಹುದು.

ಮೊದಲ ದಿನ ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದರು.

"ಒಳಗೆ ಎಂತ ಕೆಲಸ?"

"ಹೇಳೋ ಹಾಗಿಲ್ಲ ಅಪ್ಪ."

"ಸಂಬಳ ಕೊಡ್ತಾರಲ್ಲ?"

"ಕೊಡ್ತಾರೆ."

"ಹಾಗಾದ್ರೆ ಹೇಳುದು ಬೇಡ," ಎಂದು ಸಾರಿನ ಪಾತ್ರೆಯನ್ನು ನನ್ನ ಕಡೆ ಸರಿಸಿದರು.