ಜಲಜಕ್ಕನ ರಕ್ಕಸರು

ಜಲಜಕ್ಕನನ್ನು ನಾನು ಮೊದಲು ನೋಡಿದ್ದು ಮೇಜಿನ ಅಡಿಯಲ್ಲಿ. ಐವತ್ತು ದಾಟಿದ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಬೆಗಾಲಿನಲ್ಲಿ ಕುಳಿತು ಘರ್ಜಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಡಾಕ್ಟರನ್ನು ಕರೆಯಬೇಕೋ, ಬಂದ ದಾರಿಯಲ್ಲೇ ಓಡಬೇಕೋ ತಿಳಿಯಲಿಲ್ಲ.

ವಂಡ್ಸೆಯ ಗೆಳೆಯ ಪ್ರಕಾಶ, "ಆದಿತ್ವಾರ ಮಧ್ಯಾಹ್ನ ಕೋಟೇಶ್ವರದಗೆ ಆಟ ಇತ್ತ್, ಬಾ" ಎಂದು ಕರೆದಿದ್ದ. ನಮ್ಮಲ್ಲಿ ಆಟ ಎಂದರೆ ಯಕ್ಷಗಾನ. "ಯಾವ ಮೇಳ?" ಎಂದು ಕೇಳಿದ್ದಕ್ಕೆ ಆಸಾಮಿ ಬರೀ ನಕ್ಕಿದ್ದ.

ಜಲಜಕ್ಕನ ಆಟಕ್ಕೆ ಚೆಂಡೆಯೂ ಇಲ್ಲ, ವೇಷವೂ ಇಲ್ಲ. ಮೇಜಿನ ಸುತ್ತ ನಾವು ನಾಲ್ಕು ಜನ, ಒಬ್ಬೊಬ್ಬರು ಒಂದೊಂದು ಪಾತ್ರ. ಕತೆ ನಡೆಸುವವರು ಜಲಜಕ್ಕ. ಕಾಡು, ಗುಹೆ, ರಕ್ಕಸರು ಎಲ್ಲ ಅವರೇ. ನಾವು ಮಾಡಹೊರಟದ್ದು ಆಯಿತೋ ಇಲ್ಲವೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ಮುಂಬಯಿಯಲ್ಲಿದ್ದಾಗ ಪಕ್ಕದ ಮನೆಯ ಕಾಲೇಜು ಹುಡುಗರಿಂದ ಕಲಿತದ್ದಂತೆ. ಗಂಡ ತೀರಿಕೊಂಡ ಮೇಲೆ ಊರಿಗೆ ಬಂದು ಫ್ಯಾನ್ಸಿ ಸ್ಟೋರ್ ಇಟ್ಟರು, ಅದರ ಮಾಳಿಗೆಯಲ್ಲಿ ಈ ಆಟ. ಕೆಳಗೆ ಬಳೆ ಕೊಳ್ಳಲು ಬಂದವರು ಮೇಲಿನ ಕೂಗಿಗೆ ಬೆಚ್ಚಿಬೀಳುತ್ತಿದ್ದರು.

ಅಚ್ಚಾದ ನಿಯಮದ ಪುಸ್ತಕದಲ್ಲಿ, ಸೋತು ಸೆರೆಸಿಕ್ಕ ರಕ್ಕಸ ಗೆದ್ದವನ ಸೊತ್ತು. ತನ್ನ ಸಾಮಾನಿನ ಪಟ್ಟಿಯಲ್ಲಿ ಕತ್ತಿ, ಹಗ್ಗ, ದೊಂದಿಗಳ ಜೊತೆ ಅದರ ಹೆಸರನ್ನೂ ಬರೆದುಕೊಂಡರೆ ಮುಗಿಯಿತು, ಹೇಳಿದ ಹಾಗೆ ಕಾದಾಡುತ್ತದೆ. ಜಲಜಕ್ಕನಿಗೆ ಈ ನಿಯಮ ಕಂಡರೆ ಮೈಯೆಲ್ಲ ಉರಿ.

"ಹ್ವಾಯ್, ಹಿಡ್ದದ್ ಬೇರೆ, ಸಾಂಕದ್ ಬೇರೆ" ಎನ್ನುತ್ತಿದ್ದರು. "ಅದ್ಕೂ ಒಂದ್ ದಾಳ ಇತ್ತ್. ಅದ್ಕೂ ಮನಸ್ಸಿತ್ತ್."

ನಾವು ತಲೆಯಾಡಿಸಿ ಚಕ್ಕುಲಿ ತಿನ್ನುತ್ತಿದ್ದೆವು. ಅದರ ಅರ್ಥವಾದದ್ದು ಪ್ರಕಾಶ ಒಂದು ಕೋಣದ ತಲೆಯ ದೈತ್ಯನನ್ನು ಹಿಡಿದಾಗ. ಸಂಕಲೆ ಹಾಕಿ ಎಳೆದುಕೊಂಡು ಹೋದ, ಸಿಕ್ಕ ಸಿಕ್ಕ ಯುದ್ಧಕ್ಕೆಲ್ಲ ಮುಂದೆ ದೂಡಿದ. ಒಂದು ಭಾನುವಾರ ಹೊಳೆ ದಾಟುವಾಗ ಅವನ ಕೈಯಿಂದ ಸಂಕಲೆ ಜಾರಿತು. ಜಲಜಕ್ಕ ದೈತ್ಯನ ದಾಳ ಉರುಳಿಸಿದರು. ಇಪ್ಪತ್ತು ಬಿತ್ತು. ಪ್ರಕಾಶ ಎರಡು ವರ್ಷದಿಂದ ಆಡಿಸುತ್ತಿದ್ದ ವೀರ ಒಂದೇ ಏಟಿಗೆ ಸತ್ತುಹೋದ.

ನಮ್ಮ ಬಾಯಿಗೆ ಹಾಕಿದ ಚಕ್ಕುಲಿ ಬಾಯಲ್ಲೇ ಉಳಿಯಿತು.

"ಇದ್ ಎಂತ ಅನ್ಯಾಯ ಜಲಜಕ್ಕ! ನಾ ದಿನಾ ತಿಂಬುಕ್ ಕೊಟ್ಟಿದೆ ಅಲ್ದಾ?" ಪ್ರಕಾಶ ಎದ್ದೇ ನಿಂತ.

"ಕೊಟ್ಟದ್ ಹೌದ್ ಮಾರಾಯಾ. ನನ್ನೊಟ್ಟಿಗೆ ಬತ್ತ್ಯಾ ಅಂದೇಳಿ ಒಂದ್ ದಿನ ಆದ್ರೂ ಕೇಂಡಿದ್ಯಾ?"

ಎಂಥ ಹೆಂಗಸಪ್ಪಾ ಇವರು ಎಂದುಕೊಂಡೆ. ಪ್ರಕಾಶ ಎರಡು ವಾರ ಮುಖ ತೋರಿಸಲಿಲ್ಲ. ಆಮೇಲೆ ಹೊಸ ಪಾತ್ರ ಮಾಡಿಕೊಂಡು ತಾನಾಗಿಯೇ ಬಂದ.

ಸೆರೆ ಹಿಡಿದದ್ದು ನನ್ನದೂ ಒಂದಿತ್ತು. ಬೊಗ್ಗ. ಬಾವಲಿಯ ರೆಕ್ಕೆ, ನಾಯಿಯ ಮೂತಿ, ಬೆಂಕಿ ಉಗುಳುವ ಪ್ರಾಣಿ. ಗುಹೆಯಲ್ಲಿ ರೆಕ್ಕೆ ಮುರಿದು ಬಿದ್ದಿದ್ದ ಅದನ್ನು ಬಲೆಯಲ್ಲಿ ಹಿಡಿದು ತಂದಿದ್ದೆ. ಮದ್ದು ಹಚ್ಚಿದೆ, ನನ್ನ ಪಾಲಿನ ಊಟ ಹಾಕಿದೆ, ಯುದ್ಧಕ್ಕೆ ಒಮ್ಮೆಯೂ ದೂಡಲಿಲ್ಲ. ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿರುವಾಗಲೂ ಅದರ ಯೋಚನೆಯೇ. ಹೆಂಡತಿ ಕೇಳಿದರೆ ಏನು ಹೇಳಲಿ? ಇಲ್ಲದ ಪ್ರಾಣಿಯ ಮೇಲೆ ಅಷ್ಟು ಪ್ರೀತಿ ಹುಟ್ಟಿತ್ತು, ಏನು ಮಾಡುವುದು!

ಆದರೆ ಅದರ ಕಾಲಿನ ಹಗ್ಗ ಹಾಗೇ ಇತ್ತು. ಜಲಜಕ್ಕನ ನಿಯಮದಲ್ಲಿ ಅದಿನ್ನೂ ಹಿಡಿದದ್ದೇ. ಸಾಕಿದ್ದು ಎನಿಸಬೇಕಾದರೆ ಹಗ್ಗ ಬಿಚ್ಚಿ ದಾಳ ಹಾಕಬೇಕು. ನಿಂತರೆ ಅದು ನಮ್ಮದು, ಹೋದರೆ ಹೋಯಿತು. ನಾನು ವಾರದಿಂದ ವಾರಕ್ಕೆ ಮುಂದೂಡಿದೆ. ಅವರು ಒಮ್ಮೆಯೂ ಒತ್ತಾಯಿಸಲಿಲ್ಲ. ಕೊನೆಗೊಂದು ಭಾನುವಾರ ನನಗೇ ತಡೆಯಲಾಗದೆ, "ನಾ ಹಗ್ಗ ಬಿಚ್ತೆ" ಎಂದುಬಿಟ್ಟೆ.

"ಮದ್ದ್ ಹಚ್ಚಿದ್ಯಲೆ, ಆರ್ ಬಿದ್ರೂ ಸಾಕ್" ಎಂದು ಜಲಜಕ್ಕ ದಾಳವನ್ನು ನನ್ನ ಕೈಗೇ ಕೊಟ್ಟರು.

ಮೂರು ಬಿತ್ತು.

ಜಲಜಕ್ಕ ಎದ್ದು ಎರಡೂ ಕೈಯನ್ನು ರೆಕ್ಕೆಯಂತೆ ಬಿಡಿಸಿ, ಕಿಟಕಿಯವರೆಗೆ ನಿಧಾನವಾಗಿ ಹೋದರು. ಆವತ್ತು ಘರ್ಜನೆ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಗಲಿಲ್ಲ. ಮೆಟ್ಟಿಲಿಳಿಯುವಾಗ ಅವರು ಹಿಂದಿನಿಂದ ಕರೆದರು.

"ಹ್ವಾಯ್ ಸುರೇಶ, ಮರ್ಕಬೇಡ. ಅದ್ ಎಲ್ ಹೋಯ್ತ್ ಅಂದೇಳಿ ನಂಗ್ ಗೊತ್ತಿತ್ತ್. ಬಪ್ಪ ಆದಿತ್ವಾರ ಹೇಳ್ತೆ."

ಬುಧವಾರ ಪ್ರಕಾಶನ ಫೋನು ಬಂತು. ಅಂಗಡಿಯಲ್ಲಿ ಬಳೆ ತೋರಿಸುತ್ತಿದ್ದವರು ಹಾಗೇ ಕುಸಿದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ನಾನು "ಯಾರು? ಯಾವ ಜಲಜಕ್ಕ?" ಎಂದು ಕೇಳುತ್ತಲೇ ಇದ್ದೆ. ಮೂರು ದಿನದ ಹಿಂದೆ ಕಿಟಕಿಯ ಬಳಿ ಕೈ ಬಿಡಿಸಿ ನಿಂತಿದ್ದವರು! ಅಂಗಳದಲ್ಲಿ ಅವರನ್ನು ಮಲಗಿಸಿದ್ದನ್ನು ಕಣ್ಣಾರೆ ಕಂಡರೂ, ಈಗ ಎದ್ದು ಒಮ್ಮೆ ಕೂಗಿ ನಮ್ಮನ್ನೆಲ್ಲ ಹೆದರಿಸುತ್ತಾರೆ ಎಂದೇ ಕಾದೆ. ಏಳಲಿಲ್ಲ.

ತಿಂಗಳು ಕಳೆದ ಮೇಲೆ ಪ್ರಕಾಶನ ಮನೆಯಲ್ಲಿ ಮತ್ತೆ ಕೂತೆವು. ಇನ್ನು ಕತೆ ನಡೆಸುವವನು ನಾನೇ ಆಗಬೇಕೆಂದು ಎಲ್ಲರೂ ಹೇಳಿದರು.

"ಮೊದ್ಲ್ ನಿನ್ ಬೊಗ್ಗನ್ ವಾಪಾಸ್ ತಕಾ" ಎಂದ ಪ್ರಕಾಶ, ಪ್ರೀತಿಯಿಂದಲೇ. "ಈಗ ಕತಿ ನಿಂದೇ ಅಲ್ದಾ? ಕೇಂಬುಕ್ ಯಾರ್ ಇದ್ರ್?"

ತರಬಹುದಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಬಾಯಿ ತೆರೆದೆ, ಎಲ್ಲಿಂದ ಕರೆಯಲಿ ಎಂದು ಗೊತ್ತಾಗಲಿಲ್ಲ. ಅದು ಎಲ್ಲಿಗೆ ಹೋಯಿತೆಂದು ತಿಳಿದಿದ್ದವರು ಜಲಜಕ್ಕ ಒಬ್ಬರೇ.