ದೊಡ್ಡವ್ವನ ಹಲ್ಲು ಮತ್ತು ಎರಡು ಲೆನ್ಸುಗಳು

ಹತ್ತನೆಯ ತರಗತಿಯ ಮಕ್ಕಳಿಗೆ ಪ್ರತಿವರ್ಷ ಮಸೂರದ ಪಾಠ ಮಾಡುವವಳು ನಾನು. ಪೀನ ಮಸೂರ, ನಿಮ್ನ ಮಸೂರ, ಸಂಗಮ ದೂರ, ಬಿಂಬ ನೇರವೋ ತಲೆಕೆಳಗೋ, ಎಲ್ಲವನ್ನೂ ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಅಂಥ ನಾನು ಒಂದು ಲೆನ್ಸ್ ಕೊಳ್ಳಲಾರದೆ ದಸರೆಯಿಂದ ಒದ್ದಾಡುತ್ತಿದ್ದೆ ಎಂದರೆ ಆ ಮಕ್ಕಳು ನಂಬಲಾರರು. ನೀವಾದರೂ ನಂಬಿ. ಅವರಿಗೆ ಮಾತ್ರ ಹೇಳಬೇಡಿ.

ಕ್ಯಾಮೆರಾ ಕೊಂಡದ್ದು ಚಿಂಚೋಳಿ ಕಾಡಿನ ಹಕ್ಕಿಗಳ ಸಲುವಾಗಿ. ಒಮ್ಮೆ ಹೋದೆ. ಹಕ್ಕಿಗಳೆಲ್ಲ ನನ್ನನ್ನು ನೋಡಿರಬೇಕು, ನಾನು ಒಂದನ್ನೂ ನೋಡಲಿಲ್ಲ. ಕ್ಯಾಮೆರಾ ಸೇಡಂನ ನಮ್ಮ ಮನೆಯ ಅಲಮಾರಿ ಸೇರಿ ಸೀರೆಗಳ ಜೊತೆ ಮಲಗಿತು. ಅದನ್ನು ಎಬ್ಬಿಸಿದವಳು ತೆಂಗಳಿಯ ದೊಡ್ಡವ್ವ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ನನಗೆ ಎರಡು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ನನ್ನನ್ನು ಸಾಕಿದ್ದು, ಬೈದದ್ದು, ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಈಕೆಯೇ. ಈಗ ಆಕೆಗಿರುವುದು ಒಂದೇ ಆಸೆ. ತಾನು ಹೋದ ಮೇಲೆ ಗೋಡೆಗೆ ಹಾಕುವ ಫೋಟೊವನ್ನು ತಾನೇ ನೋಡಿ ಪಾಸು ಮಾಡಬೇಕು. ಸದ್ಯಕ್ಕೆ ಇದ್ದದ್ದು ಆಧಾರ್ ಕಾರ್ಡಿನ ಫೋಟೊ. ಅದರಲ್ಲಿ ಆಕೆ ಕಳುವಿನ ಮಾಲಿನ ಸಮೇತ ಸಿಕ್ಕಿಬಿದ್ದವಳಂತೆ ಕಾಣುತ್ತಾಳೆ.

“ಅದಕ್ಕ ಹೂವಿನ ಹಾರ ಹಾಕಿದ್ರ ಗ್ವಾಡಿ ಮ್ಯಾಲಿಂದ ಇಳದು ಬಂದು ಬಡೀತೀನಿ ನೋಡು,” ಎಂದಳು ದಸರೆಯ ದಿನ. “ಮುಂದಿನ ಹಲ್ಲು ಎರಡ ಉಳದಾವ. ಅವು ಇರೂತನಕ ಒಂದು ಛಲೋ ಫೋಟೋ ತೆಗಿ ಶರಣೀ. ನಗೋದು ಕಾಣಬೇಕು.”

ಅಲ್ಲೇ ತೆಗೆದು ತೋರಿಸಿದೆ. ಕ್ಯಾಮೆರಾದ ಜೊತೆ ಬಂದಿದ್ದ ಲೆನ್ಸಿನಲ್ಲಿ ಹತ್ತಿರ ಹೋಗಿ ತೆಗೆದದ್ದರಿಂದ ಮೂಗು ಮೊದಲು ಬಂದಿತ್ತು, ದೊಡ್ಡವ್ವ ಹಿಂದಿನಿಂದ ಬಂದಿದ್ದಳು. “ಇದು ಮೂಗಿಂದು ಫೋಟೋ. ನಂದು ಎಲ್ಲದ?” ಎಂದು ಕೇಳಿದಳು.

ಮುಖ ತೆಗೆಯಲು ಬೇರೆ ಲೆನ್ಸ್ ಬೇಕು ಎಂದವರು ಶಹಾಬಾದಿನಲ್ಲಿ ಸ್ಟುಡಿಯೊ ಇಟ್ಟಿರುವ ಖಾಜಾಭಾಯಿ. ಕ್ಯಾಮೆರಾ ಸಾಮಾನೂ ಅವರೇ ತರಿಸಿಕೊಡುತ್ತಾರೆ. ಮೇಜಿನ ಮೇಲೆ ಎರಡು ಲೆನ್ಸ್ ಇಟ್ಟರು. ಒಂದು ಕ್ಯಾಮೆರಾ ಮಾಡಿದ ಕಂಪನಿಯವರೇ ಮಾಡಿದ್ದು. ಇನ್ನೊಂದು ಬೇರೆಯವರು ಮಾಡಿದ್ದು, ಥರ್ಡ್ ಪಾರ್ಟಿ. ಬೆಲೆ ಅರ್ಧಕ್ಕಿಂತ ಕಡಿಮೆ.

“ಯಾವುದು ಛಲೋ ಭಾಯಿ?”

“ಕಂಪನಿದು ಕಂಪನಿದೇ ಇರ್ತದ್ರಿ ಮೇಡಂ. ಖರೆ ಇದೂ ಏನ್ ಕಮ್ಮಿ ಇಲ್ಲ ನೋಡ್ರಿ.”

ಈ ಒಂದು ಮಾತು ನನ್ನ ಮೂರು ತಿಂಗಳು ತಿಂದಿತು. ಮನೆಗೆ ಬಂದು ಫೋನಿನಲ್ಲಿ ಕ್ಯಾಮೆರಾ ಪಂಡಿತರ ವಿಡಿಯೊ ನೋಡತೊಡಗಿದೆ. ಒಬ್ಬ ಲೆನ್ಸ್ ಪರೀಕ್ಷೆಗೆಂದು ಇಟ್ಟಿಗೆ ಗೋಡೆಯ ಫೋಟೊ ತೆಗೆದು ಮೂಲೆಯ ಇಟ್ಟಿಗೆ ಮಸುಕಾಗಿದೆ ಎಂದು ಅತ್ತ. ಇನ್ನೊಬ್ಬ ಆ ಮಸುಕಿನಲ್ಲೇ ಸೊಗಸಿದೆ ಎಂದ. ದೊಡ್ಡವ್ವನ ಮುಖದಲ್ಲಿ ಮೂಲೆ ಎಲ್ಲಿ ಬರುತ್ತದೆ ಎಂದು ಯಾರೂ ಹೇಳಲಿಲ್ಲ.

ನಮ್ಮ ಮನೆಯವರು ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ವಿಭಾಗದವರು. “ಕಂಪನಿ ಸ್ಪೇರೇ ಹಾಕಬೇಕು, ಲೋಕಲ್ ಹಾಕಿದ್ರ ಕೆಟ್ಟಿ ಅಂತ ತಿಳ್ಕೊ” ಎಂದು ಮುಖ ಗಂಭೀರ ಮಾಡಿದರು. ಅವರ ಮೋಟರ್‌ಸೈಕಲ್ಲಿನಲ್ಲಿ ಕಂಪನಿಯದು ಎಂದು ಉಳಿದಿರುವುದು ಹೆಸರೊಂದೇ. ಆದರೂ ಅದು ನಿತ್ಯ ಮಳಖೇಡಕ್ಕೆ ಹೋಗಿ ಬರುತ್ತದೆ. ಹಾಗಾಗಿ ಅವರ ಮಾತು ಕೇಳಲೋ, ಅವರ ಗಾಡಿಯ ಮಾತು ಕೇಳಲೋ ತಿಳಿಯದೆ ಹೋಯಿತು.

ಒಂದು ಶನಿವಾರ ಗಟ್ಟಿ ಮನಸ್ಸು ಮಾಡಿ ರೈಲು ಹತ್ತಿದೆ. ಚಿತ್ತಾಪುರ ದಾಟುವವರೆಗೆ ಕಂಪನಿಯದೇ ಎಂದು ಖಾತ್ರಿಯಾಗಿತ್ತು. ವಾಡಿಯಲ್ಲಿ ಗಾಡಿ ಬದಲಿಸಲು ಇಳಿದು ಚಹಾ ಕುಡಿಯುವಾಗ ಕಣ್ಣು ಕೆಳಗೆ ಹೋಯಿತು. ಪ್ಲಾಟ್‌ಫಾರ್ಮಿಗೆ ಹಾಸಿದ್ದು ನಮ್ಮ ಕಡೆಯ ಫರ್ಸಿ ಕಲ್ಲು. ಊರೂರಿಗೆ ಹೋಗಿರುವ ಈ ಹಾಸುಗಲ್ಲಿಗೆ ಹೆಸರು ಶಹಾಬಾದ್ ಕಲ್ಲು. ಆದರೆ ಅದರಲ್ಲಿ ಭಂಕೂರಿನದೆಷ್ಟು, ಚಿತ್ತಾಪುರದ್ದೆಷ್ಟು, ವಾಡಿಯದೆಷ್ಟು, ಸೇಡಂನದೆಷ್ಟು? ಹೆಸರು ಒಬ್ಬರದು, ಕಲ್ಲು ಹತ್ತು ಊರಿನದು. ಅಯ್ಯೋ, ನಮ್ಮ ನೆಲವೇ ಥರ್ಡ್ ಪಾರ್ಟಿ! ಶಹಾಬಾದ್ ಬರುವಷ್ಟರಲ್ಲಿ ನಾನು ಬೇರೆಯವರ ಲೆನ್ಸಿನ ಪಕ್ಷ ಸೇರಿದ್ದೆ. ಖಾಜಾಭಾಯಿಯ ಮೇಜಿನ ಮುಂದೆ ಕುಳಿತಾಗ ಎರಡೂ ಪಕ್ಷ ಬಿಟ್ಟುಹೋದವು. ಒಂದು ಚಹಾ ಕುಡಿದು ಬರಿಗೈಯಲ್ಲಿ ವಾಪಸು ಬಂದೆ.

ಎಳ್ಳ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ದೊಡ್ಡವ್ವನ ಫೋನ್ ಬಂತು.

“ನಿನ್ನೆ ಹೊಲದಾಗ ಸಜ್ಜಿ ರೊಟ್ಟಿ ಕಡಿಲಿಕ್ಕ ಹೋದೆ, ಒಂದು ಹಲ್ಲು ಹೋತು. ಇನ್ನೊಂದು ನಿನ್ನ ದಾರಿ ಕಾಯಲಿಕತ್ತದ.”

ಇಟ್ಟಿಗೆಯ ಮೂಲೆ ನೋಡುತ್ತ ಕುಳಿತು ದೊಡ್ಡವ್ವನ ಅರ್ಧ ನಗು ಕಳೆದಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಆವತ್ತೇ ಶಹಾಬಾದಿಗೆ ಹೋಗಿ, “ಎರಡೂ ಕೊಡ್ರಿ ಭಾಯಿ, ತೆಗೆದು ನೋಡಿ ಒಂದು ಇಟ್ಕೋತೀನಿ” ಎಂದೆ. ಒಳ್ಳೆಯ ಮನುಷ್ಯ, ಕೊಟ್ಟರು.

ರವಿವಾರ ತೆಂಗಳಿಗೆ ಹೋದಾಗ ದೊಡ್ಡವ್ವ ವಿಭೂತಿ ಹಚ್ಚಿಕೊಂಡು, ಹಸಿರು ಇಲಕಲ್ ಸೀರೆ ಉಟ್ಟು, ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಲೆನ್ಸ್ ಎಂಬ ಹೆಸರು ಬಂದದ್ದೇ ಮಸೂರ ಬೇಳೆಯ ಆಕಾರದಿಂದ ಎಂದು ತಿಳಿಸಿಕೊಟ್ಟೆ. “ತೊಗರಿ ಸಿಗಲಿಲ್ಲೇನು ಅವರಿಗೆ?” ಎಂದಳು. ಆಮೇಲೆ ಎರಡು ಲೆನ್ಸ್ ನೋಡಿ ಕೇಳಿದಳು:

“ಎರಡು ಯಾಕ?”

“ಇದು ಕ್ಯಾಮೆರಾ ಮಾಡಿದವರೇ ಮಾಡಿದ್ದು. ಇದು ಬ್ಯಾರೆಯವರು ಮಾಡಿದ್ದು, ಖರೆ ಈ ಕ್ಯಾಮೆರಾಕ್ಕ ಬರೋಬ್ಬರಿ ಕೂಡ್ತದ. ಕೆಲಸಾನೂ ಅಷ್ಟೇ ಮಾಡ್ತದ ಅಂತಾರ.”

“ಹಂಗಾರ ನನ್ನಂಥಾದ್ದು,” ಎಂದಳು ದೊಡ್ಡವ್ವ, ಬೇಳೆಯಿಂದ ತಲೆ ಎತ್ತದೆ.

ನನ್ನನ್ನು ಶಾಲೆಗೆ ಸೇರಿಸುವ ದಿನ ಮಾಸ್ತರರು ತಾಯಿಯ ಹೆಸರು ಕೇಳಿದಾಗ ಈಕೆ ತನ್ನ ಹೆಸರು ಹೇಳಿದ್ದಳು. “ಸ್ವಂತ ತಾಯಿ ಏನವಾ?” ಎಂದು ಅವರು ಮತ್ತೆ ಕೇಳಿದರೆ, “ಬರಕೊಳ್ರಿ ಸುಮ್ನ” ಎಂದಿದ್ದಳು. ಇಂದಿಗೂ ನನ್ನ ಎಲ್ಲ ಕಾಗದಗಳಲ್ಲಿ ಅದೇ ಹೆಸರಿದೆ.

ಕಣ್ಣು ತುಂಬಿಕೊಂಡು ಫೋಟೊ ತೆಗೆಯುವುದು ಯಾವ ಲೆನ್ಸಿನಲ್ಲೂ ಕಷ್ಟ. ಒಂದನ್ನು ಹಾಕಿದೆ, ತೆಗೆದೆ, ಇನ್ನೊಂದನ್ನು ಹಾಕಿದೆ, ಮತ್ತೆ ಮೊದಲಿನದು. “ಬಾಗಿಲ ಕಡಿ ನೋಡು, ಗದ್ದ ಎತ್ತು” ಎಂದು ಪಂಡಿತರಂತೆ ಅಪ್ಪಣೆ ಕೊಟ್ಟೆ. ನಡುವೆ ಎಷ್ಟು ಒತ್ತಿದರೂ ಚಿತ್ರ ಕಪ್ಪಾಗಿಯೇ ಬರತೊಡಗಿತು. “ಖೋಡಿ, ಮುಚ್ಚಳ ತೆಗಿ!” ಎಂದು ದೊಡ್ಡವ್ವ ಬಿದ್ದು ಬಿದ್ದು ನಕ್ಕಳು. ಮುಚ್ಚಳ ಕಿತ್ತೆಸೆದು ಒತ್ತಿದೆ.

ಖಾಜಾಭಾಯಿ ಎರಡು ಫೋಟೊ ದೊಡ್ಡದಾಗಿ ಮಾಡಿಕೊಟ್ಟರು. ಯಾವುದು ಯಾವ ಲೆನ್ಸಿನಲ್ಲಿ ತೆಗೆದದ್ದೆಂದು ನಾನು ಗುರುತು ಹಾಕಿರಲಿಲ್ಲ. ಕಣ್ಣಿಗೆ ಹತ್ತಿರ ಹಿಡಿದೆ, ದೂರ ಹಿಡಿದೆ. ಮೂರು ತಿಂಗಳ ಪಾಂಡಿತ್ಯ ಒಂದಕ್ಷರ ಹೇಳಲಿಲ್ಲ. ದೊಡ್ಡವ್ವ ಮಾತ್ರ ಒಂದೇ ನೋಟಕ್ಕೆ ಬೆರಳಿಟ್ಟಳು.

“ಇದು ಇರಲಿ. ಅದ್ರಾಗ ನೀ ಹೇಳಿದ ಕಡಿ ನೋಡಲಿಕತ್ತೀನಿ. ಇದ್ರಾಗ ನಿನ್ನ ನೋಡಲಿಕತ್ತೀನಿ.”

ಒಂದೇ ಹಲ್ಲಿನ ಆ ನಗು ಈಗ ಪಡಸಾಲೆಯ ಗೋಡೆಯ ಮೇಲಿದೆ. ಅದರ ಕೆಳಗೆ ಕುಳಿತು ದೊಡ್ಡವ್ವ ಬಂದವರಿಗೆಲ್ಲ ತೋರಿಸುತ್ತಾಳೆ. ಹಾರಕ್ಕೆ ಇನ್ನೂ ಟೈಮ್ ಅದ ಎಂದೂ ಹೇಳುತ್ತಾಳೆ.

ಲೆನ್ಸ್ ವಾಪಸು ಕೊಡಲು ಹೋದಾಗ ನನ್ನ ತಲೆ ಹಿಂದಿಗಿಂತ ಹೆಚ್ಚು ಗೊಂದಲದಲ್ಲಿತ್ತು. ಆದರೂ ಬಾಯಿ ತಾನಾಗಿಯೇ, “ಬ್ಯಾರೆಯವರದು ಇಟ್ಕೋತೀನಿ” ಎಂದಿತು. ಖಾಜಾಭಾಯಿ ಬಿಲ್ಲಿನ ಪುಸ್ತಕ ತೆರೆದು ತಡೆದರು.

“ಗೋಡಿ ಮ್ಯಾಲಿನ ಫೋಟೋ ಯಾವ ಲೆನ್ಸಿಂದು ಅಂತ ಕಂಪ್ಯೂಟರ್ ಫೈಲಿನಾಗೇ ಇರ್ತದ್ರಿ ಮೇಡಂ. ಒಂದು ಮಿನಿಟ್. ನೋಡಿ ಹೇಳಲೇನು? ಕಂಪನಿದೇ ಇದ್ರೂ ಇರಬಹುದು.”

“ಬರಕೊಳ್ರಿ ಸುಮ್ನ,” ಎಂದೆ.